ಮೊದಲ ಮೆಟ್ಟಿಲು ಕಳಚಿದ ಮೇಲೆ: ಬ್ಲೂಫೀಲ್ಡ್ ತಂಡ ಮತ್ತು ಅಮೆರಿಕದ ಕಿರಿಯ ಬೇಸ್‌ಬಾಲ್

ಟೊರಾಂಟೊ ಬ್ಲೂ ಜೇಸ್ ತಂಡ 2025ರ ಏಪ್ರಿಲ್‌ನಲ್ಲಿ ವ್ಲಾಡಿಮಿರ್ ಗೆರೆರೊ ಜೂನಿಯರ್ ಜೊತೆ 14 ವರ್ಷಗಳ ಒಪ್ಪಂದ ಮಾಡಿಕೊಂಡಿತು. ಮೊತ್ತ 50 ಕೋಟಿ ಡಾಲರ್. ಇದೇ ಗೆರೆರೊ 2016ರ ಬೇಸಿಗೆಯಲ್ಲಿ, ಹದಿನೇಳರ ಹುಡುಗನಾಗಿದ್ದಾಗ, ವೃತ್ತಿಪರ ಬೇಸ್‌ಬಾಲಿಗೆ ಕಾಲಿಟ್ಟದ್ದು ಅಪಲೇಷಿಯನ್ ಬೆಟ್ಟಗಳ ನಡುವಿನ ಬ್ಲೂಫೀಲ್ಡ್ ಎಂಬ ಸಣ್ಣ ಊರಿನಲ್ಲಿ. ಆ ವರ್ಷ 62 ಪಂದ್ಯ ಆಡಿ 8 ಹೋಮ್ ರನ್ (ಕ್ರಿಕೆಟಿನ ಸಿಕ್ಸರ್‌ನಂಥ ಹೊಡೆತ) ಹೊಡೆದ. ಅವನನ್ನು ನೋಡಲು ಬರುತ್ತಿದ್ದವರು ಕಲ್ಲಿದ್ದಲು ಮತ್ತು ರೈಲಿನಿಂದ ಬದುಕು ಕಟ್ಟಿಕೊಂಡ ಮನೆಗಳ ಜನ. ಮುಂದಿನ ಗೆರೆರೊನನ್ನು ಆ ಊರು ನೋಡುವಂತಿಲ್ಲ. 2020ರಲ್ಲಿ, ಅಲ್ಲಿನ ಅತ್ಯುನ್ನತ ಲೀಗ್ ನಡೆಸುವ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ ಇಂಥ ಊರುಗಳ ಜೊತೆಗಿನ ಸಂಬಂಧವನ್ನು ಕಡಿದುಹಾಕಿತು. ಆಗ ಕೊಟ್ಟ ಕಾರಣಗಳು ಈಗ ಎಷ್ಟು ನಿಲ್ಲುತ್ತವೆ ಎಂದು ನೋಡುವುದು ಈ ಲೇಖನದ ಕೆಲಸ. ಈ ಪ್ರಶ್ನೆ ಹಳೆಯದಾಗಿಲ್ಲ. ಆಗ ಉಳಿದುಕೊಂಡ 120 ಕಿರಿಯ ತಂಡಗಳ ಪರವಾನಗಿಯೂ 2030ರವರೆಗೆ ಮಾತ್ರ.

ಮೊದಲು ವ್ಯವಸ್ಥೆಯ ಬಗ್ಗೆ ಒಂದಿಷ್ಟು. ನಮ್ಮ ಕೆಎಸ್‌ಸಿಎ ಲೀಗ್‌ನಲ್ಲಿ ಒಂದನೇ ಡಿವಿಷನ್‌ನಿಂದ ಕೆಳಗಿನ ಡಿವಿಷನ್‌ಗಳವರೆಗೆ ಕ್ಲಬ್‌ಗಳಿರುವಂತೆ ಅಮೆರಿಕದ ಬೇಸ್‌ಬಾಲಿನಲ್ಲೂ ಹಂತಗಳಿವೆ. ಆದರೆ ದೊಡ್ಡದೊಂದು ವ್ಯತ್ಯಾಸವಿದೆ. ಅಲ್ಲಿ ಕೆಳಹಂತದ ತಂಡ ಗೆದ್ದು ಮೇಲೇರುವುದಿಲ್ಲ, ಸೋತು ಕೆಳಗಿಳಿಯುವುದೂ ಇಲ್ಲ. ಏರಿಳಿಯುವವರು ಆಟಗಾರರು ಮಾತ್ರ. ಮೇಜರ್ ಲೀಗಿನ 30 ತಂಡಗಳಲ್ಲಿ ಪ್ರತಿಯೊಂದಕ್ಕೂ ಟ್ರಿಪಲ್ ಎ, ಡಬಲ್ ಎ, ಹೈ ಎ, ಸಿಂಗಲ್ ಎ ಎಂದು ಕೆಳಗೆ ನಾಲ್ಕು ಅಂಗತಂಡಗಳಿರುತ್ತವೆ. ಎಲ್ಲಕ್ಕಿಂತ ಕೆಳಗಿನದು ರೂಕಿ ಹಂತ, ಅಂದರೆ ಹೊಸಬರದು. ಹೈಸ್ಕೂಲು ಮುಗಿಸಿ ನೇರವಾಗಿ ಬಂದವರು, ಡೊಮಿನಿಕನ್ ಗಣರಾಜ್ಯದಿಂದಲೋ ವೆನೆಜುವೆಲಾದಿಂದಲೋ ಬಂದ ಹದಿಹರೆಯದವರು ಮೊದಲ ಸಂಬಳ ಎಣಿಸುವುದು ಅಲ್ಲಿ.

ಬ್ಲೂಫೀಲ್ಡ್ ಇದ್ದದ್ದು ಅಪಲೇಷಿಯನ್ ಲೀಗಿನಲ್ಲಿ. 1963ರಲ್ಲಿ ಕಿರಿಯ ಲೀಗ್‌ಗಳ ದರ್ಜೆಗಳನ್ನು ಹೊಸದಾಗಿ ವಿಂಗಡಿಸಿದಾಗ ಈ ಲೀಗಿಗೆ ರೂಕಿ ದರ್ಜೆ ಬಂತು. ಊರಿನ ಕಥೆ ಅದಕ್ಕಿಂತ ಹಳೆಯದು. ಪಶ್ಚಿಮ ವರ್ಜೀನಿಯಾ ಮತ್ತು ವರ್ಜೀನಿಯಾ ರಾಜ್ಯಗಳ ಗಡಿಯ ಎರಡೂ ಬದಿಯಲ್ಲಿ ಒಂದೇ ಹೆಸರಿನ ಎರಡು ಊರುಗಳಿವೆ. ಪೊಕಹಾಂಟಾಸ್ ಗಣಿಪ್ರದೇಶದ ಕಲ್ಲಿದ್ದಲನ್ನು ಕಡಲ ತೀರಕ್ಕೆ ಒಯ್ಯುವ ನಾರ್ಫೋಕ್ ಆಂಡ್ ವೆಸ್ಟರ್ನ್ ರೈಲು ಕಂಪನಿಯ ದೊಡ್ಡ ಯಾರ್ಡ್ ಇಲ್ಲಿತ್ತು, ಊರು ಬೆಳೆದದ್ದೇ ಅದರ ಸುತ್ತ. ಗಣಿತಜ್ಞ ಜಾನ್ ನ್ಯಾಶ್ 1928ರಲ್ಲಿ ಹುಟ್ಟಿದ್ದು ಈ ಊರಿನಲ್ಲೇ. ಎತ್ತರದ ಜಾಗವಾದ್ದರಿಂದ ಬೇಸಿಗೆ ತಂಪು. ಉಷ್ಣಾಂಶ 90 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ 32 ಡಿಗ್ರಿ, ಮುಟ್ಟಿದರೆ ಊರಿನ ವಾಣಿಜ್ಯ ಮಂಡಳಿ ಎಲ್ಲರಿಗೂ ಪುಕ್ಕಟೆ ನಿಂಬೆ ಪಾನಕ ಹಂಚುತ್ತದೆ. ತಮ್ಮ ಹವೆಯ ಮೇಲೆ ಅಷ್ಟು ಭರವಸೆ ಇಟ್ಟ ಜನ.

1939ರಲ್ಲಿ ಬೊವೆನ್ ಫೀಲ್ಡ್ ಎಂಬ ಕ್ರೀಡಾಂಗಣ ಆಯಿತು. ಅದರ ಒಡೆತನ ಪಶ್ಚಿಮ ವರ್ಜೀನಿಯಾದ ಬ್ಲೂಫೀಲ್ಡ್ ನಗರಾಡಳಿತದ್ದು, ನೆಲ ಮಾತ್ರ ಗಡಿಯಾಚೆಯ ವರ್ಜೀನಿಯಾದ್ದು. ಆಗ ತಂಡದ ಹೆಸರು ಬ್ಲೂ ಗ್ರೇಸ್. ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ಅಮೆರಿಕದ ಪ್ರತಿ ಸಣ್ಣ ಊರಿಗೂ ತನ್ನದೊಂದು ವೃತ್ತಿಪರ ತಂಡ ಬೇಕು ಎನ್ನುವ ಹುಮ್ಮಸ್ಸು. 1949ರಲ್ಲಿ 59 ಕಿರಿಯ ಲೀಗ್‌ಗಳಿದ್ದವು, ತಂಡಗಳು ನಾನೂರಕ್ಕೂ ಹೆಚ್ಚು. ಆಮೇಲೆ ಮನೆಮನೆಗೆ ಟಿವಿ ಬಂತು. ದೊಡ್ಡ ತಂಡಗಳ ಪಂದ್ಯ ಕುಳಿತಲ್ಲೇ ನೋಡಲು ಸಿಕ್ಕಾಗ ಊರಿನ ಮೈದಾನಗಳು ಖಾಲಿಯಾದವು. 1960ರ ದಶಕ ಶುರುವಾಗುವಾಗ ಲೀಗ್‌ಗಳ ಸಂಖ್ಯೆ ಇಪ್ಪತ್ತರ ಆಸುಪಾಸಿಗೆ ಇಳಿದಿತ್ತು.

ಆ ಕುಸಿತದಿಂದ ಉಳಿದವರನ್ನು ಉಳಿಸಿದ್ದು ಒಂದು ಒಪ್ಪಂದ. ಆಟಗಾರರ, ತರಬೇತುದಾರರ ಸಂಬಳವನ್ನು ದೊಡ್ಡ ತಂಡ ಕೊಡುತ್ತದೆ. ಮೈದಾನ, ದೀಪ, ಬಸ್ಸು, ಟಿಕೆಟ್ ಕೌಂಟರು ಊರಿನವರ ಜವಾಬ್ದಾರಿ. ಟಿಕೆಟಿನ ಹಣ, ತಿಂಡಿ ಮಾರಾಟದ ಹಣ ಊರಿಗೆ. ಆಟಗಾರ ಯಾವತ್ತೂ ದೊಡ್ಡ ತಂಡದ ಸ್ವತ್ತು. ಅವನನ್ನು ಯಾವಾಗ ಮೇಲಕ್ಕೆ ಕಳಿಸಬೇಕು, ಯಾವಾಗ ಮನೆಗೆ ಕಳಿಸಬೇಕು ಎಂಬುದರಲ್ಲಿ ಊರಿಗೆ ಮಾತಿಲ್ಲ. ಇದು ಸಮಬಲರ ನಡುವಿನ ಒಪ್ಪಂದವಾಗಿರಲಿಲ್ಲ, ಆದರೂ ಇಬ್ಬರಿಗೂ ಬೇಕಾದದ್ದು ಇಬ್ಬರಿಗೂ ಸಿಗುತ್ತಿತ್ತು. ದೊಡ್ಡ ತಂಡಕ್ಕೆ ಹುಡುಗರನ್ನು ಜನರೆದುರು ಆಡಿಸಿ ಪರೀಕ್ಷಿಸುವ ಜಾಗ, ಊರಿಗೆ ಜೂನ್ ನಡುವಿನಿಂದ ಸೆಪ್ಟೆಂಬರ್ ಮೊದಲ ದಿನಗಳವರೆಗೆ ಸಂಜೆಗಳಲ್ಲಿ ಹೋಗಿ ಕೂರಲೊಂದು ಜಾಗ.

ಬ್ಲೂಫೀಲ್ಡಿನ ಮಟ್ಟಿಗೆ ಈ ಒಪ್ಪಂದ ಅಸಾಮಾನ್ಯವಾಗಿ ದೀರ್ಘ ಬಾಳಿತು. 1958ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ಜೊತೆ ಶುರುವಾದ ನಂಟು 2010ರವರೆಗೂ ಮುರಿಯಲಿಲ್ಲ. ಎರಡು ವರ್ಷಕ್ಕೊಮ್ಮೆ ಪೋಷಕ ತಂಡ ಬದಲಾಗುವುದು ಮಾಮೂಲಾಗಿದ್ದ ಕಿರಿಯ ಬೇಸ್‌ಬಾಲಿನಲ್ಲಿ ಒಂದೇ ತಂಡದ ಜೊತೆ 53 ಬೇಸಿಗೆ! ಆ ಅವಧಿಯಲ್ಲಿ ಇಲ್ಲಿಂದ ಹಾದುಹೋದವರನ್ನು ನೋಡಿ. ಬೂಗ್ ಪೊವೆಲ್ 1959ರಲ್ಲಿ, ಡಾನ್ ಬೇಲರ್ ಮತ್ತು ಬಾಬಿ ಗ್ರಿಚ್ 1967ರಲ್ಲಿ. 1973ರಲ್ಲಿ ಎಡ್ಡಿ ಮರ್ರಿ ಹದಿನೇಳನೇ ವಯಸ್ಸಿಗೆ ಬಂದು ಲೀಗಿನ ಶ್ರೇಷ್ಠ ಆಟಗಾರನಾದ. ಮುಂದೆ ಅವನು ಮೇಜರ್ ಲೀಗಿನಲ್ಲಿ 504 ಹೋಮ್ ರನ್ ಮತ್ತು 3,255 ಹಿಟ್ ಗಳಿಸಿ ಹಾಲ್ ಆಫ್ ಫೇಮ್, ಅಂದರೆ ಬೇಸ್‌ಬಾಲಿನ ಶ್ರೇಷ್ಠರ ಗೌರವ ಪಟ್ಟಿ, ಸೇರಿದ.

ಆದರೆ ರೂಕಿ ಹಂತ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಮರ್ರಿಯ ಹೆಸರು ಹೇಳುವುದಿಲ್ಲ, ಕ್ಯಾಲ್ ರಿಪ್ಕೆನ್ ಜೂನಿಯರ್ ಹೆಸರು ಹೇಳುತ್ತೇನೆ. 1978ರಲ್ಲಿ ಹದಿನೇಳರ ರಿಪ್ಕೆನ್ ಬ್ಲೂಫೀಲ್ಡಿನಲ್ಲಿ ಅರವತ್ತಕ್ಕೂ ಹೆಚ್ಚು ಪಂದ್ಯ ಆಡಿದ. ಒಂದೇ ಒಂದು ಹೋಮ್ ರನ್ ಇಲ್ಲ. ಶಾರ್ಟ್‌ಸ್ಟಾಪ್ ಜಾಗದಲ್ಲಿ, ಅಂದರೆ ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ, ನಿಂತು ಮೂವತ್ತಕ್ಕೂ ಹೆಚ್ಚು ಎರರ್ (ಫೀಲ್ಡಿಂಗ್ ತಪ್ಪು) ಮಾಡಿದ. ಎಸೆತಗಳು ದಿಕ್ಕುತಪ್ಪಿದವು, ಚೆಂಡುಗಳು ಕೈಜಾರಿದವು. ಬರೀ ಅಂಕಿಗಳನ್ನು ನೋಡುವವರಿಗೆ ಅದು ಸಾಧಾರಣ ಹುಡುಗನ ಸಾಧಾರಣ ಬೇಸಿಗೆ. ಅದೇ ಹುಡುಗ ಮುಂದೆ ಸತತ 2,632 ಪಂದ್ಯ ಒಂದೂ ತಪ್ಪಿಸದೆ ಆಡಿದ, 431 ಹೋಮ್ ರನ್ ಹೊಡೆದ, 2007ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ತಪ್ಪು ಮಾಡಲು ಸಮಯ ಬೇಕು, ಜಾಗವೂ ಬೇಕು. ಮನೆಯಿಂದ ಮೊದಲ ಸಲ ದೂರ ಬಂದು, ಅಪರಿಚಿತರ ಎದುರು ಸೋತು, ಮರುದಿನ ಸಂಜೆ ಅದೇ ಅಪರಿಚಿತರ ಎದುರು ಮತ್ತೆ ನಿಲ್ಲುವುದನ್ನು ರೂಕಿ ಹಂತ ಕಲಿಸುತ್ತಿತ್ತು. ಯಾವ ಕ್ಯಾಮೆರಾವೂ ಅದನ್ನು ಅಳೆಯಲಾರದು ಎಂಬುದು ನನ್ನ ನಂಬಿಕೆ.

2010ರಲ್ಲಿ ಓರಿಯೋಲ್ಸ್ ಹೊರಟುಹೋಯಿತು. ಮರುವರ್ಷವೇ ಟೊರಾಂಟೊ ಬಂತು. ಹಾಗಾಗಿ ಊರಿಗೆ ಗಾಬರಿಯಾಗಲಿಲ್ಲ, ಒಬ್ಬರು ಹೋದರೆ ಇನ್ನೊಬ್ಬರು ಬರುತ್ತಾರೆ ಎಂಬ ಧೈರ್ಯವಿತ್ತು. 2019ರ ಅಕ್ಟೋಬರ್‌ನಲ್ಲಿ ಆ ಧೈರ್ಯ ಕುಸಿಯಿತು. 160 ತಂಡಗಳನ್ನು 120ಕ್ಕೆ ಇಳಿಸುವ ಮೇಜರ್ ಲೀಗಿನ ಯೋಜನೆ ಪತ್ರಿಕೆಗಳಲ್ಲಿ ಹೊರಬಿತ್ತು. ಕೈಬಿಡಬೇಕಾದ ಊರುಗಳ ಪಟ್ಟಿಯೂ ನವೆಂಬರ್‌ನಲ್ಲಿ ಬಯಲಾಯಿತು. ಸಂಸತ್ತಿನ ನೂರಕ್ಕೂ ಹೆಚ್ಚು ಸದಸ್ಯರು, ಎರಡೂ ಪಕ್ಷದವರು ಸೇರಿ, ವಿರೋಧಿಸಿ ಪತ್ರ ಬರೆದರು. ಪಶ್ಚಿಮ ವರ್ಜೀನಿಯಾದ ಡೇವಿಡ್ ಮೆಕಿನ್ಲಿ ಮುಂಚೂಣಿಯಲ್ಲಿದ್ದರು. ಅಷ್ಟರಲ್ಲಿ ಕೊರೊನಾ ಬಂತು. 2020ರ ಇಡೀ ಕಿರಿಯ ಲೀಗ್ ಋತು ರದ್ದಾಯಿತು, ಊರಿನ ತಂಡಗಳ ಕೈಯಲ್ಲಿ ಕಾಸಿಲ್ಲದಂತಾಯಿತು, ಅದೇ ಸೆಪ್ಟೆಂಬರ್ ಕೊನೆಗೆ ಹಳೆಯ ಒಪ್ಪಂದವೂ ಮುಗಿಯಿತು. ಚೌಕಾಸಿ ಮಾಡಲು ಊರುಗಳ ಬಳಿ ಏನೂ ಉಳಿದಿರಲಿಲ್ಲ. ಸಾವಿರಾರು ಜನರ ಜೀವ ಹೋಗುತ್ತಿದ್ದ ಹೊತ್ತಿನಲ್ಲಿ ಬೇಸ್‌ಬಾಲ್ ತಂಡಕ್ಕಾಗಿ ಬೀದಿಗಿಳಿಯುವವರು ಯಾರು?

ಅಪಲೇಷಿಯನ್ ಲೀಗಿನ ಹತ್ತೂ ಊರುಗಳು ಒಮ್ಮೆಗೇ ಹೊರಬಿದ್ದವು. ಪಕ್ಕದಲ್ಲೇ ಇರುವ, ದಶಕಗಳ ಎದುರಾಳಿ ಪ್ರಿನ್ಸ್‌ಟನ್ ಕೂಡ ಅವುಗಳಲ್ಲೊಂದು. ಚಾರ್ಲ್‌ಸ್ಟನ್ ಮತ್ತು ಮೋರ್ಗನ್‌ಟೌನ್ ತಂಡಗಳೂ ಹೋದವು. ಹೀಗೆ ಪಶ್ಚಿಮ ವರ್ಜೀನಿಯಾ ರಾಜ್ಯದಲ್ಲಿ ಮೇಜರ್ ಲೀಗಿನ ಅಂಗತಂಡ ಒಂದೂ ಉಳಿಯಲಿಲ್ಲ. ಗಣಿ ಮುಚ್ಚುತ್ತಾ, ಜನ ಗುಳೆ ಹೋಗುತ್ತಾ ಬಂದ ರಾಜ್ಯವಿದು. 1950ರ ಹೊತ್ತಿಗೆ ಇಪ್ಪತ್ತು ಸಾವಿರ ದಾಟಿದ್ದ ಬ್ಲೂಫೀಲ್ಡಿನ ಜನಸಂಖ್ಯೆ 2020ರ ಗಣತಿಯಲ್ಲಿ ಹತ್ತು ಸಾವಿರದೊಳಗೆ ಬಂದಿತ್ತು.

ಈಗ ಮೇಜರ್ ಲೀಗ್ ಕೊಟ್ಟ ಕಾರಣಗಳಿಗೆ ಬರೋಣ. ಅವು ಸುಳ್ಳು ಎಂದು ನಾನು ಹೇಳುವುದಿಲ್ಲ. ಹಲವು ಮೈದಾನಗಳು ನಿಜಕ್ಕೂ ಹಳತಾಗಿದ್ದವು, ಡ್ರೆಸ್ಸಿಂಗ್ ರೂಮುಗಳು ಇಕ್ಕಟ್ಟು, ಬಸ್ ಪ್ರಯಾಣ ದೀರ್ಘ. ಇನ್ನೊಂದು ಕಾರಣ ತಂತ್ರಜ್ಞಾನದ್ದು. ಚೆಂಡು ಎಷ್ಟು ಸುತ್ತು ತಿರುಗಿತು, ಬ್ಯಾಟಿನಿಂದ ಎಷ್ಟು ವೇಗದಲ್ಲಿ ಹೊರಟಿತು ಎಂಬುದನ್ನು ರೇಡಾರ್ ಮತ್ತು ಅತಿವೇಗದ ಕ್ಯಾಮೆರಾಗಳು ಈಗ ಹೇಳುತ್ತವೆ. ಹುಡುಗನ ಸಾಮರ್ಥ್ಯ ತಿಳಿಯಲು ಎಪ್ಪತ್ತು ಪಂದ್ಯ ಬೇಕಿಲ್ಲ, ನಮ್ಮ ತರಬೇತಿ ಕೇಂದ್ರದಲ್ಲೇ ತಿಳಿಯುತ್ತದೆ ಎಂದು ದೊಡ್ಡ ತಂಡಗಳು ನಂಬತೊಡಗಿದವು. ಈ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ನಡೆದ ಹ್ಯೂಸ್ಟನ್ ಆಸ್ಟ್ರೋಸ್ 2017ರ ಋತುವಿನ ನಂತರವೇ ಇದೇ ಲೀಗಿನ ಗ್ರೀನ್‌ವಿಲ್ ಊರನ್ನು ಬಿಟ್ಟಿತ್ತು. ಜೂನ್‌ನಲ್ಲಿ ನಡೆಯುತ್ತಿದ್ದ ಡ್ರಾಫ್ಟ್, ಅಂದರೆ ಹೊಸ ಆಟಗಾರರ ಹಂಚಿಕೆ, ಜುಲೈಗೆ ಹೋಯಿತು. ಜೂನ್‌ನಲ್ಲಿ ಶುರುವಾಗುವ ಲೀಗಿಗೆ ಹೊಸಬರು ಸಿಗುವ ದಾರಿಯೇ ಮುಚ್ಚಿತು. 40 ಸುತ್ತುಗಳಿದ್ದ ಡ್ರಾಫ್ಟ್ 2021ರಿಂದ 20 ಸುತ್ತಿಗೆ ಇಳಿದಿದೆ. 1988ರಲ್ಲಿ 62ನೇ ಸುತ್ತಿನಲ್ಲಿ, 1,390ನೆಯವನಾಗಿ ಆಯ್ಕೆಯಾದ ಮೈಕ್ ಪಿಯಾಜಾ ಹಾಲ್ ಆಫ್ ಫೇಮ್‌ನಲ್ಲಿದ್ದಾನೆ. ಇವತ್ತಿನ ಡ್ರಾಫ್ಟಿನಲ್ಲಿ ಅವನ ಹೆಸರು ಕೂಗುವ ಮೊದಲೇ ಎಲ್ಲರೂ ಮನೆಗೆ ಹೋಗಿರುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚು ಬಳಕೆಯಾದ ಕಾರಣ ಸಂಬಳ. ಇದನ್ನು ಬಿಡಿಸಿ ನೋಡಲೇಬೇಕು. ರೂಕಿ ಆಟಗಾರನ ಕನಿಷ್ಠ ವೇತನ ವಾರಕ್ಕೆ 290 ಡಾಲರ್ ಇತ್ತು, ಅದೂ ಋತು ನಡೆಯುವ ವಾರಗಳಿಗೆ ಮಾತ್ರ. ಅಮೆರಿಕದ ಕನಿಷ್ಠ ವೇತನ ಕಾಯ್ದೆಗಿಂತ ಕಡಿಮೆ ಎಂದು ಆಟಗಾರರು 2014ರಲ್ಲೇ ಮೊಕದ್ದಮೆ ಹೂಡಿದ್ದರು. ಅದು ನಡೆಯುತ್ತಿರುವಾಗಲೇ, 2018ರಲ್ಲಿ, ಮೇಜರ್ ಲೀಗಿನ ಒತ್ತಾಯದಿಂದ ಸಂಸತ್ತು ಕಿರಿಯ ಆಟಗಾರರನ್ನು ಆ ಕಾಯ್ದೆಯ ಅಧಿಕಾವಧಿ ರಕ್ಷಣೆಯಿಂದ ಹೊರಗಿಟ್ಟಿತು. ಕಡಿಮೆ ಸಂಬಳ ಕೊಡುವ ಹಕ್ಕಿಗಾಗಿ ಸಂಸತ್ತಿನವರೆಗೆ ಹೋದವರು, ಎರಡೇ ವರ್ಷದಲ್ಲಿ, ಸಂಬಳ ಹೆಚ್ಚಿಸಬೇಕಾದರೆ ಊರುಗಳನ್ನು ಬಿಡಲೇಬೇಕು ಎಂದರು. ನನಗೆ ಈ ಮಾತಿನಲ್ಲಿ ಪ್ರಾಮಾಣಿಕತೆ ಕಾಣುವುದಿಲ್ಲ.

ಲೆಕ್ಕವನ್ನೇ ಹಾಕೋಣ. ವಾರಕ್ಕೆ 290 ಡಾಲರಿನಂತೆ 35 ಜನರಿಗೆ 12 ವಾರ ಕೊಟ್ಟರೆ ಸುಮಾರು 1.22 ಲಕ್ಷ ಡಾಲರ್. ಇದು ಹಳೆಯ ಖರ್ಚು. ಮೊಕದ್ದಮೆ 2022ರಲ್ಲಿ 18.5 ಕೋಟಿ ಡಾಲರ್ ಪರಿಹಾರದೊಂದಿಗೆ ರಾಜಿಯಾಯಿತು. ಅದೇ ವರ್ಷ ಕಿರಿಯ ಆಟಗಾರರು ಮೇಜರ್ ಲೀಗಿನವರ ಸಂಘಕ್ಕೇ ಸೇರಿಕೊಂಡರು, 2023ರ ವಸಂತದಲ್ಲಿ ಮೊದಲ ವೇತನ ಒಪ್ಪಂದ ಗೆದ್ದರು. ಅದರಂತೆ ತರಬೇತಿ ಕೇಂದ್ರದ ಹಂತದಲ್ಲಿರುವವನ ವರ್ಷದ ಸಂಬಳ 4,800 ಡಾಲರಿನಿಂದ 19,800 ಡಾಲರಿಗೆ ಏರಿತು. ಈ ಹೊಸ ದರದಲ್ಲೇ 35 ಜನರ ತಂಡಕ್ಕೆ ಕೊಟ್ಟರೂ ವರ್ಷಕ್ಕೆ 6.93 ಲಕ್ಷ ಡಾಲರ್. ಮೇಜರ್ ಲೀಗಿನಲ್ಲಿ ಬೆಂಚಿನ ಮೇಲೆ ಕೂರುವ ಒಬ್ಬ ಆಟಗಾರನ ಕನಿಷ್ಠ ವೇತನ 2026ಕ್ಕೆ 7.8 ಲಕ್ಷ ಡಾಲರ್. ಇಡೀ ಊರಿನ ತಂಡದ ಸಂಬಳ ಅವನೊಬ್ಬನದಕ್ಕಿಂತ ಕಡಿಮೆ! ತರಬೇತುದಾರರು, ವಸತಿ, ಊಟ ಸೇರಿಸಿದರೆ ಮೊತ್ತ ಹೆಚ್ಚುತ್ತದೆ, ನಿಜ. ಆದರೂ ವರ್ಷಕ್ಕೆ ಸಾವಿರ ಕೋಟಿ ಡಾಲರ್ ದಾಟಿದ ವಹಿವಾಟಿನ ಉದ್ಯಮ ಭರಿಸಲಾಗದ ಹೊರೆ ಇದಲ್ಲ. ಸಂಬಳ ಹೆಚ್ಚಿದ್ದು ಆಟಗಾರರು ಒಗ್ಗಟ್ಟಾದ್ದರಿಂದ. ಊರುಗಳನ್ನು ಕೈಬಿಟ್ಟದ್ದು ಬೇರೆಯೇ ತೀರ್ಮಾನ.

ಬ್ಲೂಫೀಲ್ಡಿನಲ್ಲಿ ಬೇಸ್‌ಬಾಲ್ ನಿಂತಿಲ್ಲ ಎಂಬುದನ್ನೂ ಹೇಳಬೇಕು. 2021ರಿಂದ ಅಪಲೇಷಿಯನ್ ಲೀಗ್ ಕಾಲೇಜು ವಿದ್ಯಾರ್ಥಿಗಳ ಬೇಸಿಗೆ ಲೀಗಾಗಿದೆ. ತಂಡದ ಹೆಸರು ರಿಡ್ಜ್ ರನ್ನರ್ಸ್. ಬೊವೆನ್ ಫೀಲ್ಡಿನಲ್ಲಿ ದೀಪ ಉರಿಯುತ್ತದೆ, ಮರದ ಬ್ಯಾಟಿನ ಸದ್ದು ಕೇಳುತ್ತದೆ. ಮೇಜರ್ ಲೀಗ್ ಕೂಡ ಇದಕ್ಕೆ ಕೈಜೋಡಿಸಿದೆ. ಆದರೆ ಕಾಲೇಜು ಹುಡುಗರು ಹವ್ಯಾಸಿಗಳು, ಆಡಿದ್ದಕ್ಕೆ ಸಂಬಳವಿಲ್ಲ. ವೇತನ ಸುಧಾರಣೆಯ ಹೆಸರಿನಲ್ಲಿ ಆದ ಬದಲಾವಣೆ ಈ ಹತ್ತು ಊರುಗಳಲ್ಲಿ ಕಡಿಮೆ ಸಂಬಳದವರನ್ನು ತೆಗೆದು ಸಂಬಳವೇ ಇಲ್ಲದವರನ್ನು ತಂದು ನಿಲ್ಲಿಸಿತು. ದೊಡ್ಡ ತಂಡಗಳಿಗೆ ಆಟಗಾರರನ್ನು ಗಮನಿಸುವ ಅವಕಾಶ ಉಳಿಯಿತು, ಸಂಬಳದ ಖರ್ಚು ತಪ್ಪಿತು. ಪಶ್ಚಿಮದ ಪಯೊನಿಯರ್ ಲೀಗ್‌ನ ಊರುಗಳು ಬೇರೆ ದಾರಿ ಹಿಡಿದವು. 1974ರಿಂದ ಸಿನ್ಸಿನಾಟಿ ರೆಡ್ಸ್ ಜೊತೆಗಿದ್ದ ಮೊಂಟಾನಾದ ಬಿಲ್ಲಿಂಗ್ಸ್ ಮಸ್ಟಾಂಗ್ಸ್ ಈಗ ಸ್ವತಂತ್ರ ತಂಡ. ಆಟಗಾರರ ಸಂಬಳವನ್ನೂ ತಾನೇ ಕೊಡುತ್ತದೆ. ಒಳ್ಳೆಯ ಕ್ರೀಡಾಂಗಣ, ಸಾಕಷ್ಟು ಪ್ರೇಕ್ಷಕರು ಇರುವ ಊರಿಗೆ ಅದು ಸಾಧ್ಯ. ಬ್ಲೂಫೀಲ್ಡಿನಂಥ ಊರಿಗೆ ಕಷ್ಟ.

ಇನ್ನು ರೂಕಿ ಹಂತ ಪೂರ್ತಿ ಹೋಯಿತೇ? ಇಲ್ಲ. ಫ್ಲೋರಿಡಾ ಮತ್ತು ಅರಿಜೋನಾದಲ್ಲಿ ದೊಡ್ಡ ತಂಡಗಳ ತರಬೇತಿ ಕೇಂದ್ರಗಳಲ್ಲಿ ಅದು ಇದೆ. ಭಾರತೀಯರಿಗೂ ಈ ಹಂತದ ಒಂದು ಪರಿಚಯವುಂಟು. ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ 2008ರಲ್ಲಿ ಟಿವಿ ಸ್ಪರ್ಧೆಯೊಂದರಿಂದ ಆಯ್ಕೆಯಾಗಿ ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದ್ದರು. 2009ರಲ್ಲಿ ಅವರು ಪಿಚರ್‌ಗಳಾಗಿ (ಬ್ಯಾಟರ್‌ಗೆ ಚೆಂಡು ಎಸೆಯುವವರಾಗಿ) ಮೊದಲ ವೃತ್ತಿಪರ ಪಂದ್ಯ ಆಡಿದ್ದು ಫ್ಲೋರಿಡಾದ ಇಂಥದ್ದೇ ರೂಕಿ ಲೀಗಿನಲ್ಲಿ. ಅಲ್ಲಿ ಪಂದ್ಯ ನಡೆಯುವುದು ಹೆಚ್ಚಾಗಿ ಹಗಲಿನ ಸುಡುಬಿಸಿಲಿನಲ್ಲಿ, ತರಬೇತಿಯ ಅಂಗಳಗಳಲ್ಲಿ. ನೋಡುವವರು ತರಬೇತುದಾರರು, ಪ್ರತಿಭೆ ಹುಡುಕುವ ಸ್ಕೌಟ್‌ಗಳು, ಕೆಲವೊಮ್ಮೆ ಮನೆಯವರು. ಟಿಕೆಟಿಲ್ಲ, ಊರಿಲ್ಲ, ಹೆಸರು ಹಿಡಿದು ಕೂಗುವ ಅಜ್ಜಿಯಿಲ್ಲ. ತಂತ್ರ ಕಲಿಯಲು ಅದು ಬೊವೆನ್ ಫೀಲ್ಡಿಗಿಂತ ಉತ್ತಮ ಜಾಗವೇ ಇರಬಹುದು. ಆದರೆ ಬೇಸ್‌ಬಾಲ್ ತನ್ನ ಮೊದಲ ಹಂತವನ್ನು ಪ್ರೇಕ್ಷಕರಿಂದ ಬೇರ್ಪಡಿಸಿತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹತ್ತಿರದ ದೊಡ್ಡ ಕ್ರೀಡಾಂಗಣ ಗಂಟೆಗಟ್ಟಲೆ ದೂರದಲ್ಲಿರುವ ಬ್ಲೂಫೀಲ್ಡಿನ ಮಗುವಿಗೆ, ಬೇಲಿ ಹಿಡಿದು ನಿಂತು ನೋಡಿದ ಹುಡುಗ ನಾಲ್ಕು ವರ್ಷದ ನಂತರ ಟಿವಿಯಲ್ಲಿ ಕಾಣಿಸಿಕೊಂಡರೆ, ಆ ಆಟ ತನ್ನದಾಗುತ್ತಿತ್ತು.

ಇಷ್ಟು ಸುಲಭವಾಗಿ ನಲವತ್ತು ಊರುಗಳನ್ನು ಕೈಬಿಡಲು ಸಾಧ್ಯವಾದದ್ದು ಹೇಗೆ? ಉತ್ತರ 1922ರಲ್ಲಿದೆ. ಬೇಸ್‌ಬಾಲ್ ಪಂದ್ಯಗಳು ಅಂತರರಾಜ್ಯ ವ್ಯಾಪಾರವಲ್ಲ, ಆದ್ದರಿಂದ ಏಕಸ್ವಾಮ್ಯ ವಿರೋಧಿ ಕಾಯ್ದೆ ಅನ್ವಯಿಸದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಆ ವರ್ಷ ತೀರ್ಪು ಕೊಟ್ಟಿತು. ಅಲ್ಲಿನ ಬೇರೆ ಯಾವ ದೊಡ್ಡ ಕ್ರೀಡೆಗೂ ಇಂಥ ವಿನಾಯಿತಿ ಇಲ್ಲ. 1998ರಲ್ಲಿ ಸಂಸತ್ತು ಅದನ್ನು ಸಡಿಲಿಸಿದರೂ ಮೇಜರ್ ಲೀಗ್ ಆಟಗಾರರಿಗಷ್ಟೇ. ಕಿರಿಯ ಲೀಗ್‌ಗಳು ಹೊರಗೇ ಉಳಿದವು. ಮೂವತ್ತು ಸ್ಪರ್ಧಿ ಕಂಪನಿಗಳು ಒಟ್ಟಿಗೆ ಕುಳಿತು ಇಂತಿಷ್ಟು ಸರಬರಾಜುದಾರರ ಜೊತೆ ಇನ್ನು ವ್ಯವಹಾರ ಬೇಡ ಎಂದು ತೀರ್ಮಾನಿಸಿದರೆ ಬೇರೆ ಉದ್ಯಮದಲ್ಲಿ ನ್ಯಾಯಾಲಯ ಪ್ರಶ್ನಿಸುತ್ತದೆ. ಇಲ್ಲಿ ಪ್ರಶ್ನಿಸಲು ಹೋದ ಸ್ಟೇಟನ್ ಐಲೆಂಡ್, ಟ್ರೈ ಸಿಟಿ ಮೊದಲಾದ ತಂಡಗಳ ಮಾಲೀಕರು ಕೆಳಗಿನ ನ್ಯಾಯಾಲಯಗಳಲ್ಲಿ ಸೋತರು. ಸುಪ್ರೀಂ ಕೋರ್ಟಿನ ಬಾಗಿಲಲ್ಲಿದ್ದಾಗ, 2023ರ ನವೆಂಬರ್‌ನಲ್ಲಿ, ಮೇಜರ್ ಲೀಗ್ ಅವರೊಂದಿಗೆ ರಾಜಿ ಮಾಡಿಕೊಂಡಿತು. ನೂರು ವರ್ಷದ ತೀರ್ಪನ್ನು ಮರುಪರಿಶೀಲಿಸುವ ಅವಕಾಶ ಕೈತಪ್ಪಿತು.

ಮುಂದಿನ ಐದು ವರ್ಷಗಳಲ್ಲಿ ಇದೆಲ್ಲ ಮತ್ತೆ ಮೇಜಿನ ಮೇಲೆ ಬರಲಿದೆ. ಮೇಜರ್ ಲೀಗ್ ಆಟಗಾರರ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ, ಕಿರಿಯ ಆಟಗಾರರದ್ದು 2027ರ ನಂತರ, ಊರುಗಳ ಪರವಾನಗಿ 2030ಕ್ಕೆ. ಒಂದು ದೊಡ್ಡ ತಂಡ ಅಮೆರಿಕದೊಳಗೆ ಇಟ್ಟುಕೊಳ್ಳಬಹುದಾದ ಕಿರಿಯ ಆಟಗಾರರ ಮಿತಿ ಈಗಾಗಲೇ 180ರಿಂದ 165ಕ್ಕೆ ಇಳಿದಿದೆ. ಇನ್ನಷ್ಟು ಇಳಿದರೆ ನಾಲ್ಕು ಅಂಗತಂಡಗಳ ಬದಲು ಮೂರು ಸಾಕು ಎನ್ನುವ ಮಾತು ತಾನಾಗಿ ಏಳುತ್ತದೆ. ಇನ್ನೊಂದು ಕಡೆ, ಡೈಮಂಡ್ ಬೇಸ್‌ಬಾಲ್ ಹೋಲ್ಡಿಂಗ್ಸ್ ಎಂಬ ಒಂದೇ ಕಂಪನಿ ನಲವತ್ತಕ್ಕೂ ಹೆಚ್ಚು ಕಿರಿಯ ತಂಡಗಳನ್ನು ಕೊಂಡುಕೊಂಡಿದೆ. ಊರಿನ ಮಾಲೀಕರು ಕಡಿಮೆಯಾದಷ್ಟೂ ಊರಿನ ಪರ ಮಾತನಾಡುವವರು ಕಡಿಮೆಯಾಗುತ್ತಾರೆ. ಹೊಸ ಕ್ರೀಡಾಂಗಣ ಮಾನದಂಡಗಳಿಗಾಗಿ ನಗರಾಡಳಿತಗಳು ತೆರಿಗೆದಾರರ ಹಣ ಸುರಿಯುತ್ತಿವೆ. ಹಾಗೆ ಸುರಿಯುವ ಊರು ಕೇಳಲೇಬೇಕಾದ್ದು ಒಂದಿದೆ: ಸಾಲ ತೀರುವ ವರ್ಷದವರೆಗೂ ತಂಡ ಇಲ್ಲೇ ಇರುತ್ತದೆಯೇ, ಇಲ್ಲವಾದರೆ ಉಳಿದ ಸಾಲವನ್ನು ಯಾರು ಕಟ್ಟುತ್ತಾರೆ? ಬ್ಲೂಫೀಲ್ಡ್ 53 ವರ್ಷದ ನಂಟನ್ನು ನಂಬಿತ್ತು. ಈ ಮಾತನ್ನು 2030ಕ್ಕೆ ಮೊದಲು, ಕಾಗದದ ಮೇಲೆ ಬರೆಸಿಕೊಳ್ಳುವ ಸಮಯ ಉಳಿದ 120 ಊರುಗಳಿಗೆ ಇನ್ನೂ ಇದೆ.